ಫ್ಲಾಪಿಯಿಂದ ಓಡುವ ಹಳೆಯ ಕಂಪ್ಯೂಟರನ್ನು ಸರಿಯಾಗಿ ಆಫ್ ಮಾಡುವುದು ಹೇಗೆ

ತುಮಕೂರಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಎರಡು ಹಳೆಯ ಕಂಪ್ಯೂಟರ್‌ಗಳಿವೆ. ಒಂದು, ಹಾರ್ಡ್ ಡಿಸ್ಕ್ ಇಲ್ಲದ, ಎರಡು ಫ್ಲಾಪಿ ಡ್ರೈವ್‌ಗಳ ಪಿಸಿ. ಫ್ಲಾಪಿ ಎಂದರೆ ಆಗ ಫೈಲ್ ಇಡಲು ಬಳಸುತ್ತಿದ್ದ, ಕವಚದೊಳಗಿನ ತೆಳ್ಳನೆಯ ಕಾಂತೀಯ ತಟ್ಟೆ. ಇನ್ನೊಂದು ಬಿಬಿಸಿ ಮೈಕ್ರೋ ಎಂಬ ಬ್ರಿಟಿಷ್ ಕಂಪ್ಯೂಟರ್. ಇವನ್ನು ನೋಡಲು ಇಂಜಿನಿಯರಿಂಗ್ ಓದುವ ಮಕ್ಕಳು ಆಗಾಗ ಬರುತ್ತಾರೆ. ಆನ್ ಮಾಡುವುದನ್ನು ಐದೇ ನಿಮಿಷದಲ್ಲಿ ಕಲಿತುಬಿಡುತ್ತಾರೆ. ಆಫ್ ಮಾಡುವ ಹೊತ್ತಿಗೆ ಮಾತ್ರ ಅವರ ಕೈ ಸೀದಾ ಸ್ವಿಚ್ಚಿಗೆ ಹೋಗುತ್ತದೆ, ನಾನು ತಡೆಯುತ್ತೇನೆ. ಈಗಿನ ಲ್ಯಾಪ್‌ಟಾಪ್ ತನ್ನನ್ನು ತಾನೇ ಮುಚ್ಚಿಕೊಳ್ಳುತ್ತದೆ. ಇವಕ್ಕೆ ಅದು ಗೊತ್ತಿಲ್ಲ. ನಾವೇ ಒಂದೊಂದಾಗಿ ಮುಚ್ಚಬೇಕು.

ಅಟ್ಟದ ಮೇಲೆ, ಅಂಗಡಿಯ ಮೂಲೆಯಲ್ಲಿ ಇಂಥ ಕಂಪ್ಯೂಟರ್ ಸಿಕ್ಕವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಜೊತೆಗೆ ಸಿಗುವ ಫ್ಲಾಪಿಗಳಲ್ಲಿ ಏನಿದೆಯೋ ಯಾರಿಗೂ ಗೊತ್ತಿರುವುದಿಲ್ಲ. ಮಂಡಿ ಲೆಕ್ಕ ಇರಬಹುದು, ಯಾರದೋ ಪ್ರಬಂಧ ಇರಬಹುದು. ಅದರ ಇನ್ನೊಂದು ಪ್ರತಿ ಎಲ್ಲೂ ಇರಲಿಕ್ಕಿಲ್ಲ. ಸೋನಿ ಕಂಪನಿ 2011ರಲ್ಲಿ ಫ್ಲಾಪಿ ಮಾಡುವುದನ್ನೇ ನಿಲ್ಲಿಸಿತು. ಹಾಳಾದದ್ದಕ್ಕೆ ಬದಲಿ ಹುಡುಕುವುದು ಸುಲಭವಲ್ಲ.

ಲೈಟ್ ಆರಿದರೆ ಸಾಲದು

1994ರ ಬೇಸಿಗೆಯ ಮಾತು. ಟೌನ್‌ಹಾಲ್ ಹತ್ತಿರದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ನಾನು ಕಲಿಸುತ್ತಿದ್ದೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿದ್ದ ಕಾಲ. ಕೊಬ್ಬರಿ ವ್ಯಾಪಾರಿಯೊಬ್ಬರ ಲೆಕ್ಕವನ್ನು ಡಿಬೇಸ್ ತ್ರೀ ಪ್ಲಸ್ ಎಂಬ ದಾಖಲೆ ಇಡುವ ಪ್ರೋಗ್ರಾಂಗೆ ಹಾಕುವ ಕೆಲಸ ಬಂದಿತ್ತು. ಒಬ್ಬ ಹುಡುಗ ಊಟದ ನಂತರ ಕೂತವನು ಸಂಜೆವರೆಗೂ ಏಳದೆ ಎಂಟ್ರಿ ಮಾಡಿದ. ಡ್ರೈವಿನ ಲೈಟ್ ಆರಿದ್ದನ್ನು ನೋಡಿಯೇ ಕೆಂಪು ಸ್ವಿಚ್ ಇಳಿಸಿ ಮನೆಗೆ ಹೋದ. ಮರುದಿನ ಫೈಲ್ ತೆರೆದರೆ ಹಿಂದಿನ ಮಧ್ಯಾಹ್ನದ್ದು ಒಂದು ಸಾಲೂ ಇಲ್ಲ. ಅವನ ತಪ್ಪು ಎನ್ನಲಾರೆ. ಲೈಟ್ ಆರಿದ ಮೇಲೆ ಆಫ್ ಮಾಡು ಅಂತ ಅವನಿಗೆ ಹೇಳಿಕೊಟ್ಟಿದ್ದೆವು. ಅದು ಅರ್ಧ ಮಾತು.

ಉಳಿದ ಅರ್ಧ ತಿಳಿಯಬೇಕಾದರೆ ಫ್ಲಾಪಿಯ ಒಳಗೆ ಏನಾಗುತ್ತದೆ ನೋಡಬೇಕು. ಐದೂಕಾಲು ಇಂಚಿನ 360 ಕೆಬಿ ಫ್ಲಾಪಿಯನ್ನೇ ತೆಗೆದುಕೊಳ್ಳಿ. ಒಂದೊಂದು ಬದಿಯಲ್ಲೂ 40 ಟ್ರ್ಯಾಕ್ (ದುಂಡನೆಯ ಗೆರೆ), ಒಂದೊಂದು ಟ್ರ್ಯಾಕಿನಲ್ಲಿ 9 ಸೆಕ್ಟರ್, ಒಂದೊಂದು ಸೆಕ್ಟರಿನಲ್ಲಿ 512 ಬೈಟ್. ತೀರಾ ಹೊರಗಿನ ಟ್ರ್ಯಾಕ್ ಖಾತೆ ಪುಸ್ತಕದ ಮೊದಲ ಪುಟದ ಹಾಗೆ. ಯಾವ ಫೈಲ್ ಇದೆ, ಎಷ್ಟು ದೊಡ್ಡದು, ಅದರ ತುಂಡುಗಳು ಎಲ್ಲೆಲ್ಲಿವೆ ಎಂಬುದೆಲ್ಲ ಅಲ್ಲಿರುತ್ತದೆ. ತುಂಡುಗಳ ಪಟ್ಟಿಗೆ ಫ್ಯಾಟ್ ಎನ್ನುತ್ತಾರೆ. ಅದರ ಎರಡು ಪ್ರತಿಗಳನ್ನು ಅಲ್ಲೇ ಇಟ್ಟಿರುತ್ತಾರೆ.

ನೀವು ಟೈಪ್ ಮಾಡಿದ್ದನ್ನು ಡಾಸ್ (ಪಿಸಿಯನ್ನು ನಡೆಸುವ ಮೂಲ ತಂತ್ರಾಂಶ) ಆಗಾಗ ಒಳಗಿನ ಟ್ರ್ಯಾಕ್‌ಗಳಿಗೆ ಬರೆಯುತ್ತಿರುತ್ತದೆ. ಆದರೆ ಫೈಲಿನ ಹೊಸ ಅಳತೆಯನ್ನು ಆ ಮೊದಲ ಪುಟಕ್ಕೆ ಬರೆಯುವುದು ಫೈಲ್ ಮುಚ್ಚಿದಾಗ. ಅಲ್ಲಿಯವರೆಗೆ ಅದು ಮೆಮೊರಿಯಲ್ಲೇ ಇರುತ್ತದೆ. ಡಿಬೇಸ್ ಕೂಡ ಒಟ್ಟು ಎಷ್ಟು ರೆಕಾರ್ಡ್ ಎಂಬ ಲೆಕ್ಕವನ್ನು ತನ್ನ ಫೈಲಿನ ತಲೆಯಲ್ಲಿ ಇಟ್ಟುಕೊಳ್ಳುತ್ತದೆ. ಅದೂ ಮುಚ್ಚುವಾಗಲೇ ಸರಿಹೋಗುವುದು. ಆ ಹುಡುಗ ಹಾಕಿದ ಅಕ್ಷರಗಳು ಫ್ಲಾಪಿಯ ಮೇಲೆ ಬಿದ್ದಿದ್ದವು. ಆದರೆ ಮೊದಲ ಪುಟದಲ್ಲಿ ಅವುಗಳ ಸುದ್ದಿಯೇ ಇರಲಿಲ್ಲ.

ಆದ್ದರಿಂದ ಕ್ರಮ ಇದು: ಮೊದಲು ಫೈಲ್ ಮುಚ್ಚುವುದು, ಆಮೇಲೆ ಪ್ರೋಗ್ರಾಂನಿಂದ ಹೊರಬರುವುದು, ಆಮೇಲೆ ಲೈಟ್ ನೋಡುವುದು, ಆಮೇಲೆ ಫ್ಲಾಪಿ ತೆಗೆಯುವುದು, ಕೊನೆಗೆ ಸ್ವಿಚ್. ಒಂದನ್ನೂ ಹಾರಿಸಬಾರದು.

ಹಂತ 1: ಫೈಲ್ ಮುಚ್ಚಿ ಹೊರಬನ್ನಿ

ಪ್ರೋಗ್ರಾಂ ಒಂದೊಂದಕ್ಕೂ ಒಂದೊಂದು ದಾರಿ. ಹಳೆಯ ಫ್ಲಾಪಿಗಳಲ್ಲಿ ಜಾಸ್ತಿ ಸಿಗುವವನ್ನು ಹೇಳುತ್ತೇನೆ.

ಪತ್ರ, ಪ್ರಬಂಧ ಬರೆಯುವ ವರ್ಡ್‌ಸ್ಟಾರ್‌ನಲ್ಲಿ ಕಂಟ್ರೋಲ್ ಹಿಡಿದು ಕೆ, ನಂತರ ಎಸ್ ಒತ್ತಿದರೆ ಸೇವ್ ಆಗುತ್ತದೆ, ಆದರೆ ಫೈಲ್ ತೆರೆದೇ ಇರುತ್ತದೆ. ಆಫ್ ಮಾಡಲು ಇದು ಸಾಲದು. ಕಂಟ್ರೋಲ್ ಕೆ, ನಂತರ ಎಕ್ಸ್ ಒತ್ತಿ. ಸೇವ್ ಮಾಡಿ, ಫೈಲ್ ಮುಚ್ಚಿ, ಸೀದಾ ಡಾಸ್‌ಗೆ ಬರುತ್ತದೆ. ಇಲ್ಲೊಂದು ಎಚ್ಚರ. ವರ್ಡ್‌ಸ್ಟಾರ್ ಹಳೆಯ ಪ್ರತಿಯ ಹೆಸರಿಗೆ ಬಿ, ಎ, ಕೆ ಎಂಬ ಬಾಲ ಹಚ್ಚಿ ಉಳಿಸಿಕೊಂಡು, ಹೊಸದನ್ನು ಬೇರೆಯಾಗಿ ಬರೆಯುತ್ತದೆ. ಅದಕ್ಕೆ ಜಾಗ ಬೇಕು. ಡಿಸ್ಕ್ ತುಂಬಿದೆ ಎಂದು ಬಂದರೆ ಗಾಬರಿಯಾಗಿ ಫ್ಲಾಪಿ ಬದಲಿಸಬೇಡಿ. ಕಂಟ್ರೋಲ್ ಕೆ, ನಂತರ ಜೆ ಒತ್ತಿ ಬೇಡದ ಒಂದು ಹಳೆಯ ಫೈಲ್ ಅಳಿಸಿ, ಮತ್ತೆ ಸೇವ್ ಮಾಡಿ.

ಫೈಲ್ ತೆರೆದಿರುವಾಗ ಫ್ಲಾಪಿ ಬದಲಿಸುವುದರಷ್ಟು ಕೆಟ್ಟ ಕೆಲಸ ಇನ್ನೊಂದಿಲ್ಲ. ಹಳೆಯ ಫ್ಲಾಪಿಯ ಪಟ್ಟಿ ಮೆಮೊರಿಯಲ್ಲಿ ಉಳಿದಿರುತ್ತದೆ. ಡಾಸ್ ಅದನ್ನು ಹೊಸ ಫ್ಲಾಪಿಯ ಮೊದಲ ಪುಟದ ಮೇಲೆ ಬರೆದುಬಿಡಬಹುದು. 360 ಕೆಬಿ ಡ್ರೈವ್‌ಗೆ ಫ್ಲಾಪಿ ಬದಲಾಗಿದ್ದನ್ನು ಪಿಸಿಗೆ ತಿಳಿಸುವ ತಂತಿಯೇ ಇಲ್ಲ. ಒಂದು ಹೆಜ್ಜೆ ತಪ್ಪಿದರೆ ಎರಡು ಫ್ಲಾಪಿ ಹಾಳು.

ಡಿಬೇಸ್‌ನಲ್ಲಿ ಎಂಟ್ರಿ ಪರದೆಯಿಂದ ಕಂಟ್ರೋಲ್ ಹಿಡಿದು ಡಬ್ಲ್ಯೂ ಒತ್ತಿ ಹೊರಬನ್ನಿ. ಚುಕ್ಕಿ ಪ್ರಾಂಪ್ಟ್, ಅಂದರೆ ಆದೇಶಕ್ಕಾಗಿ ಕಾಯುವ ಚುಕ್ಕಿ ಗುರುತು, ಬರುತ್ತದೆ. ಅಲ್ಲಿ ಕ್ವಿಟ್ ಎಂದು ಟೈಪ್ ಮಾಡಿ. ಕ್ವಿಟ್ ಹೇಳದೆ ಎಂದೂ ಆಫ್ ಮಾಡಬೇಡಿ.

ಲೋಟಸ್‌ನಲ್ಲಿ ಇಡೀ ಲೆಕ್ಕದ ಹಾಳೆ ಮೆಮೊರಿಯಲ್ಲಿರುತ್ತದೆ. ಡ್ರೈವಿನ ಲೈಟ್ ಗಂಟೆಗಟ್ಟಲೆ ಆರಿರುತ್ತದೆ, ಆದರೆ ಫ್ಲಾಪಿಯಲ್ಲಿ ಏನೂ ಇರುವುದಿಲ್ಲ. ಸ್ಲ್ಯಾಶ್, ಎಫ್, ಎಸ್ ಒತ್ತಿ ಹೆಸರು ಕೊಟ್ಟು ಉಳಿಸಿ. ಹಳೆಯ ಫೈಲಾದರೆ ಬದಲಿಸಲೇ ಎಂದು ಕೇಳುತ್ತದೆ, ಆರ್ ಒತ್ತಿ. ನಂತರ ಸ್ಲ್ಯಾಶ್, ಕ್ಯೂ, ವೈ. ಪ್ರೋಗ್ರಾಂ ಬರೆಯುವ ಜಿಡಬ್ಲ್ಯೂ ಬೇಸಿಕ್ ಕೂಡ ಹೀಗೇ. ಸೇವ್ ಮಾಡಿ, ಸಿಸ್ಟಮ್ ಎಂದು ಟೈಪ್ ಮಾಡಿ ಹೊರಬನ್ನಿ. ಟರ್ಬೋ ಸಿ ಇದ್ದರೆ ಎಫ್2, ನಂತರ ಆಲ್ಟ್ ಮತ್ತು ಎಕ್ಸ್.

ಹಂತ 2: ಎ ಪ್ರಾಂಪ್ಟ್ ಬರುವವರೆಗೆ ಬಿಡಬೇಡಿ

ಹಾರ್ಡ್ ಡಿಸ್ಕ್ ಇಲ್ಲದ ಪಿಸಿಯಲ್ಲಿ ಹೊಸಬರು ತಬ್ಬಿಬ್ಬಾಗುವುದು ಇಲ್ಲೇ. ದೊಡ್ಡ ಪ್ರೋಗ್ರಾಂ ಓಡುವಾಗ ಡಾಸ್‌ನ ಕಮಾಂಡ್ ಡಾಟ್ ಕಾಮ್ ಎಂಬ ಫೈಲಿನ ಒಂದು ಭಾಗ ಮೆಮೊರಿಯಿಂದ ಅಳಿಸಿಹೋಗಿರುತ್ತದೆ. ಪ್ರೋಗ್ರಾಂ ಮುಗಿದಾಗ ಡಾಸ್ ಅದನ್ನು ಫ್ಲಾಪಿಯಿಂದ ಮತ್ತೆ ಓದಬೇಕು. ಎ ಡ್ರೈವಿನಲ್ಲಿ (ಎರಡು ಡ್ರೈವ್‌ಗಳಲ್ಲಿ ಮೊದಲನೆಯದು ಎ, ಇನ್ನೊಂದು ಬಿ) ವರ್ಡ್‌ಸ್ಟಾರ್ ಫ್ಲಾಪಿ ಇದ್ದರೆ, ಕಮಾಂಡ್ ಡಾಟ್ ಕಾಮ್ ಇರುವ ಡಿಸ್ಕ್ ಹಾಕಿ ಯಾವುದಾದರೂ ಕೀ ಒತ್ತಿ ಎಂದು ಇಂಗ್ಲಿಷಿನಲ್ಲಿ ಕೇಳುತ್ತದೆ. ಇದು ಕೆಟ್ಟುಹೋದ ಲಕ್ಷಣವಲ್ಲ. ಬೂಟ್ ಮಾಡಿದ ಡಾಸ್ ಫ್ಲಾಪಿಯನ್ನು ಎ ಡ್ರೈವಿಗೆ ಹಾಕಿ, ಕೀ ಒತ್ತಿ. ಎ ಪ್ರಾಂಪ್ಟ್ ಬರುತ್ತದೆ.

ಅಷ್ಟು ಹೊತ್ತಿಗೆ ನಿಮ್ಮ ಫೈಲ್ ಮುಚ್ಚಿಯಾಗಿರುತ್ತದೆ, ನಿಜ. ಆದರೂ ಪ್ರಾಂಪ್ಟ್ ಬರುವವರೆಗೆ ಕಾಯಿರಿ. ಪ್ರಾಂಪ್ಟ್ ಬಂದ ಮೇಲೆ ಬಿ ಡ್ರೈವಿಗೆ ಡೈರ್ (ಫೈಲ್‌ಗಳ ಪಟ್ಟಿ ತೋರಿಸುವ ಆದೇಶ) ಹೊಡೆದು ನಿಮ್ಮ ಫೈಲಿನ ಅಳತೆ ಮತ್ತು ವೇಳೆ ನೋಡಿ. ಅಳತೆ ಸೊನ್ನೆ ಎಂದು ತೋರಿಸಿದರೆ ಎಲ್ಲೋ ಎಡವಿದ್ದೀರಿ ಎಂದೇ ಅರ್ಥ. ಈ ಅರ್ಧ ನಿಮಿಷದ ಕೆಲಸ ನಾನು ಒಮ್ಮೆಯೂ ಬಿಡುವುದಿಲ್ಲ.

ಹಂತ 3: ಕಿವಿಗೊಡಿ, ಆಮೇಲೆ ಲೈಟ್ ನೋಡಿ

ಫೈಲ್ ಮುಚ್ಚುವಾಗ ಡ್ರೈವಿನ ಹೆಡ್, ಅಂದರೆ ಓದಿ ಬರೆಯುವ ತುದಿ, ಒಳಗಿನಿಂದ ತೀರಾ ಹೊರಗಿನ ಟ್ರ್ಯಾಕಿಗೆ ಓಡುತ್ತದೆ. ಕರ್ರ್ ಎಂದು ಒಂದು ಉದ್ದನೆಯ ಸದ್ದು, ಹಿಂದೆಯೇ ಟಕ್ ಟಕ್ ಎಂದು ಸಣ್ಣ ಸದ್ದು. ನಾಲ್ಕು ದಿನ ಕೇಳಿದರೆ ಕಿವಿಗೆ ಹಿಡಿಸಿಬಿಡುತ್ತದೆ. ಆ ಸದ್ದು ಕೇಳದೆ ನನಗೆ ಸಮಾಧಾನವಿಲ್ಲ.

ಸದ್ದು ನಿಂತ ಮೇಲೂ ಪಿಸಿಯ ಡ್ರೈವಿನ ಮೋಟಾರ್ ಸುಮಾರು 2 ಸೆಕೆಂಡ್ ತಿರುಗುತ್ತಲೇ ಇರುತ್ತದೆ. ಬಯಾಸ್, ಅಂದರೆ ಪಿಸಿಯ ಚಿಪ್‌ನಲ್ಲೇ ಇರುವ ಮೂಲ ಪ್ರೋಗ್ರಾಂ, ಬೇಕೆಂದೇ ಹಾಗೆ ಬಿಡುತ್ತದೆ. ಪಿಸಿಯ ಗಡಿಯಾರ ಸೆಕೆಂಡಿಗೆ 18.2 ಬಾರಿ ಬಡಿಯುತ್ತದೆ, ಅಂಥ 37 ಬಡಿತ ಮುಗಿದ ಮೇಲೆ ಮೋಟಾರ್ ನಿಲ್ಲುತ್ತದೆ. ಇನ್ನೊಂದು ಸೆಕ್ಟರ್ ಬೇಕಾದರೆ ಮತ್ತೆ ಮೊದಲಿನಿಂದ ವೇಗ ಹಿಡಿಯಬೇಕಲ್ಲ, ಅದಕ್ಕೆ. ಸಾಮಾನ್ಯವಾಗಿ ಲೈಟ್ ಕೂಡ ಮೋಟಾರ್ ಜೊತೆಗೇ ಆರುತ್ತದೆ. ಲೈಟ್ ಆರಿದ ಮೇಲೆ ಮನಸ್ಸಿನಲ್ಲಿ ಐದು ಎಣಿಸಿ.

ಬಿಚ್ಚಿ ಜೋಡಿಸಿದ ಮೇಲೆ ಲೈಟ್ ಆರದೆ ಉರಿಯುತ್ತಲೇ ಇದ್ದರೆ, ಪಟ್ಟಿ ಕೇಬಲ್ ತಿರುಗುಮುರುಗಾಗಿ ಸಿಕ್ಕಿಸಿರುತ್ತೀರಿ. ಆ ಸ್ಥಿತಿಯಲ್ಲಿ ಒಳ್ಳೆಯ ಫ್ಲಾಪಿ ಹಾಕಲೇಬೇಡಿ, ಟ್ರ್ಯಾಕ್ ಅಳಿಸಿಹೋಗಬಹುದು.

ಹಂತ 4: ಮೊದಲು ಫ್ಲಾಪಿ, ಆಮೇಲೆ ಸ್ವಿಚ್

ಎರಡೂ ಡ್ರೈವಿನ ಲಿವರ್ ತೆಗೆದು ಫ್ಲಾಪಿಗಳನ್ನು ಹೊರಗೆಳೆಯಿರಿ. ಆಫ್ ಮಾಡಿದ ಮೇಲೆ ತೆಗೆದರೆ ಏನಾಯ್ತು ಅಂತ ಬಹಳ ಮಕ್ಕಳು ಕೇಳುತ್ತಾರೆ. ಐದೂಕಾಲು ಇಂಚಿನ ಡ್ರೈವಿನಲ್ಲಿ ಲಿವರ್ ಇಳಿಸಿರುವಷ್ಟು ಹೊತ್ತು ಹೆಡ್ ಫ್ಲಾಪಿಗೆ ತಾಗಿಯೇ ಇರುತ್ತದೆ. ಕರೆಂಟ್ ಕಡಿಯುವ ಕ್ಷಣದಲ್ಲಿ ವೋಲ್ಟೇಜ್ ಒಮ್ಮೆಗೇ ಸೊನ್ನೆಗೆ ಬರುವುದಿಲ್ಲ, ಇಳಿಯುತ್ತಾ ಬರುತ್ತದೆ. ಆ ಇಳಿಜಾರಿನಲ್ಲಿ ಒಳಗಿನ ಸರ್ಕ್ಯೂಟ್ ಏನು ಮಾಡುತ್ತದೆ ಎಂಬ ಭರವಸೆ ಇಲ್ಲ. ಹೆಡ್‌ಗೆ ಒಂದು ಸಣ್ಣ ಮಿಡಿತ ಹೋದರೂ ಅದು ಇರುವ ಟ್ರ್ಯಾಕ್ ಮೇಲೆ ಕಸ ಬರೆದಂತೆ. ಫೈಲ್ ಮುಚ್ಚಿದ ಮೇಲೆ ಹೆಡ್ ಎಲ್ಲಿರುತ್ತದೆ? ಹೆಚ್ಚಾಗಿ ಆ ಮೊದಲ ಪುಟದ ಮೇಲೇ. ನಂತರದ ಡ್ರೈವ್‌ಗಳಲ್ಲಿ ಇದನ್ನು ತಡೆಯುವ ವ್ಯವಸ್ಥೆ ಇದೆ. ನಿಮ್ಮದರಲ್ಲಿ ಇದೆಯೋ ಇಲ್ಲವೋ ಪರೀಕ್ಷೆ ಮಾಡಲು ಹೋಗಬೇಡಿ. ಆನ್ ಮಾಡುವಾಗಲೂ ಇದೇ ಮಾತು. ಖಾಲಿ ಡ್ರೈವ್‌ನಲ್ಲಿ ಆನ್ ಮಾಡಿ, ಪರದೆಯ ಮೇಲೆ ಮೆಮೊರಿ ಎಣಿಸುವಾಗ ಫ್ಲಾಪಿ ಹಾಕಿ.

ಹೊರಗೆ ತೆಗೆದ ಫ್ಲಾಪಿಯನ್ನು ಕಾಗದದ ಕವರಿಗೆ ಹಾಕಿ. ಉದ್ದನೆಯ ಕಿಂಡಿಯಲ್ಲಿ ಕಾಣುವ ಕಂದು ಭಾಗವನ್ನು ಮುಟ್ಟಬೇಡಿ. ಲೇಬಲ್ ಅಂಟಿಸುವ ಮೊದಲೇ ಬರೆದುಕೊಳ್ಳಿ. ಅಂಟಿಸಿದ ಮೇಲೆ ಬರೆಯಬೇಕಾದರೆ ಸ್ಕೆಚ್ ಪೆನ್ನಿನಿಂದ ಹಗುರವಾಗಿ. ಬಾಲ್ ಪೆನ್ ಒತ್ತಿದರೆ ಒಳಗಿನ ತಟ್ಟೆಗೆ ಗೀರು. ಮಾನಿಟರ್ ಮೇಲೆ, ಸ್ಪೀಕರ್ ಪಕ್ಕ ಇಡಬೇಡಿ. ಬಣ್ಣದ ಮಾನಿಟರ್ ಆನ್ ಆಗುವಾಗ ಡುಂ ಎನ್ನುವುದು ಕೇಳಿರಬಹುದು. ಪರದೆಯ ಸುತ್ತಲಿನ ಸುರುಳಿ ಆಗ ಜೋರಾದ ಕಾಂತಬಲ ಹೊರಡಿಸುತ್ತದೆ.

ಹಂತ 5: ಸ್ವಿಚ್‌ಗಳು

ಮೊದಲು ಕಂಪ್ಯೂಟರ್, ಆಮೇಲೆ ಮಾನಿಟರ್ ಮತ್ತು ಪ್ರಿಂಟರ್, ಆಮೇಲೆ ಸ್ಟೆಬಿಲೈಸರ್, ಕೊನೆಗೆ ಗೋಡೆಯ ಸ್ವಿಚ್. ನಂತರ ಪ್ಲಗ್ ಕಿತ್ತಿಡಿ. ಇದು ಅತಿಯಾಯ್ತು ಅನ್ನಿಸಬಹುದು. ಹಳೆಯ ಪವರ್ ಸಪ್ಲೈಗಳಲ್ಲಿ ಹಳದಿ ಮಿಶ್ರಿತ ಕಂದು ಬಣ್ಣದ, ಗಾಜಿನಂತೆ ಕಾಣುವ ಹೊದಿಕೆಯ ಪೇಪರ್ ಕೆಪಾಸಿಟರ್ ಇರುತ್ತದೆ. ವರ್ಷ ಕಳೆದಂತೆ ಅದರ ಹೊದಿಕೆ ಸೀಳಿ ತೇವ ಹೀರುತ್ತದೆ. ಒಂದು ದಿನ ಢಂ ಎಂದು ಒಡೆದು ಕೋಣೆ ತುಂಬಾ ಹೊಗೆ. ಕೆಲವು ಕಂಪ್ಯೂಟರ್‌ಗಳಲ್ಲಿ ಇದು ಸ್ವಿಚ್ಚಿಗಿಂತ ಮೊದಲೇ ಇರುತ್ತದೆ. ಸ್ವಿಚ್ ಆಫ್ ಇದ್ದರೂ ಪ್ಲಗ್ ಇದ್ದರೆ ಅದಕ್ಕೆ ಕರೆಂಟ್ ಹೋಗುತ್ತಿರುತ್ತದೆ.

ಹಿಂಬದಿಯಲ್ಲಿ 115 ಮತ್ತು 230 ಎಂದು ಬರೆದ ಸಣ್ಣ ಕೆಂಪು ಗುಂಡಿ ಇದ್ದರೆ ಅದನ್ನು ಮುಟ್ಟಬೇಡಿ, 230ರಲ್ಲೇ ಇರಲಿ. ಆಫ್ ಮಾಡಿದ ಕೂಡಲೇ ಮತ್ತೆ ಆನ್ ಮಾಡಬೇಡಿ, ಅರ್ಧ ನಿಮಿಷ ಬಿಡಿ. ಮಾನಿಟರಿನ ಬೆನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತು ಎಷ್ಟೋ ಹೊತ್ತಾದರೂ ಒಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು. ಬಟ್ಟೆಯ ಕವರ್ ಹೊದಿಸುವುದು ಅರ್ಧ ಗಂಟೆ ಆದ ಮೇಲೆ, ಬಿಸಿ ಆರಲಿ.

ನಡುವೆ ಕರೆಂಟ್ ಹೋದರೆ

ಬೇಸಿಗೆಯಲ್ಲಿ, ಗಾಳಿ ಮಳೆಯ ದಿನಗಳಲ್ಲಿ ನಮ್ಮ ಕಡೆ ಇದು ಇದ್ದದ್ದೇ ಅಲ್ವಾ. ಕರೆಂಟ್ ಹೋದ ತಕ್ಷಣ ಕಂಪ್ಯೂಟರಿನ ಸ್ವಿಚ್ ಆಫ್ ಮಾಡಿ. ಟಾರ್ಚ್ ಹುಡುಕುವುದು ಆಮೇಲೆ. ನಂತರ ಲಿವರ್ ತೆಗೆದು ಫ್ಲಾಪಿ ಹೊರಗೆ ಇಡಿ. ಕರೆಂಟ್ ವಾಪಸ್ ಬರುವಾಗಿನ ಏರಿಳಿತ ಹೋಗುವಾಗಿನದ್ದಕ್ಕಿಂತ ಕೆಟ್ಟದು. ಬಂದ ಮೇಲೂ ಐದು ನಿಮಿಷ ಬಿಟ್ಟು, ಸ್ಟೆಬಿಲೈಸರ್ ಮುಳ್ಳು ನೆಟ್ಟಗೆ ನಿಂತ ಮೇಲೆ ಆನ್ ಮಾಡಿ. ನನ್ನನ್ನು ಕೇಳಿದರೆ, ಸಣ್ಣದೊಂದು ಯುಪಿಎಸ್ ಇಡುವುದೇ ಲೇಸು. ಹತ್ತು ನಿಮಿಷ ಸಿಕ್ಕರೆ ಎಲ್ಲ ಹಂತವೂ ಮುಗಿಯುತ್ತದೆ.

ಬರೆಯುತ್ತಿರುವಾಗಲೇ ಕರೆಂಟ್ ಹೋಗಿದ್ದರೆ ಆ ಫ್ಲಾಪಿಯನ್ನು ಹಾಗೇ ಬಳಸಬೇಡಿ. ಮೊದಲು ಅದಕ್ಕೆ ಬರೆಯಲಾಗದಂತೆ ಮಾಡಿ. ಐದೂಕಾಲು ಇಂಚಿನದಾದರೆ ಅಂಚಿನ ಚೌಕದ ಕಚ್ಚಿಗೆ ಬೆಳಕು ಹಾಯದ ಪಟ್ಟಿ ಅಂಟಿಸಿ ಮುಚ್ಚಬೇಕು. ಮೂರೂವರೆ ಇಂಚಿನದರಲ್ಲಿ ಉಲ್ಟಾ, ಮೂಲೆಯ ಕಿಂಡಿ ತೆರೆದಿರಬೇಕು. ಆಮೇಲೆ ಡಿಸ್ಕ್‌ಕಾಪಿ ಮಾಡಿ ಇನ್ನೊಂದು ಫ್ಲಾಪಿಗೆ ಇಳಿಸಿಕೊಳ್ಳಿ. ಚಿಕಿತ್ಸೆ ಏನಿದ್ದರೂ ಆ ಪ್ರತಿಗೆ.

ಪ್ರತಿಯ ಮೇಲೆ ಚೆಕ್‌ಡಿಸ್ಕ್ ಓಡಿಸಿ. ಟೈಪ್ ಮಾಡಬೇಕಾದ ಅಕ್ಷರಗಳು ಸಿ, ಎಚ್, ಕೆ, ಡಿ, ಎಸ್, ಕೆ. ಮೊದಲ ಸಲ ಸುಮ್ನೆ ಓಡಿಸಿ, ಏನು ತೊಂದರೆ ಅಂತ ಹೇಳುತ್ತದೆ, ಏನನ್ನೂ ಮುಟ್ಟುವುದಿಲ್ಲ. ಯಾವ ಫೈಲಿಗೂ ಸೇರದ ತುಂಡುಗಳಿವೆ ಎಂದರೆ ಕೊನೆಯಲ್ಲಿ ಸ್ಲ್ಯಾಶ್ ಎಫ್ ಸೇರಿಸಿ ಇನ್ನೊಮ್ಮೆ ಓಡಿಸಿ, ವೈ ಒತ್ತಿ. ಆ ತುಂಡುಗಳನ್ನು ಫೈಲ್0000 ಎಂಬ ಹೆಸರಿನಿಂದ ಶುರುಮಾಡಿ ಫೈಲ್‌ಗಳಾಗಿ ಕಟ್ಟಿಕೊಡುತ್ತದೆ. 1994ರ ಆ ಲೆಕ್ಕದಲ್ಲಿ ಸುಮಾರು ಅರ್ಧ ನಮಗೆ ಸಿಕ್ಕಿದ್ದು ಹೀಗೆ. ಉಳಿದದ್ದನ್ನು ಚೀಟಿಗಳನ್ನು ನೋಡಿ ಮತ್ತೆ ಟೈಪ್ ಮಾಡಿದೆವು.

ಕರೆಂಟ್ ಇದೆ, ಆದರೆ ಕಂಪ್ಯೂಟರ್ ಹಾಗೇ ನಿಂತುಬಿಟ್ಟಿದೆ ಎನ್ನಿ. ಎರಡು ನಿಮಿಷ ಬಿಡಿ. ಹೆಡ್ ಅಲುಗಾಡುವ ಸದ್ದೇ ಇಲ್ಲ, ಲೈಟ್ ಮಾತ್ರ ಉರಿಯುತ್ತಿದೆ ಎಂದಾದರೆ, ಲಿವರ್ ತೆಗೆದು ಫ್ಲಾಪಿ ಹೊರಗೆಳೆದು ಆಮೇಲೆ ಆಫ್ ಮಾಡಿ. ಪರದೆಯ ಮೇಲೆ ಡ್ರೈವ್ ಸಿದ್ಧವಿಲ್ಲ ಎಂದು ಬಂದು ಅಬಾರ್ಟ್, ರಿಟ್ರೈ ಎಂದು ಕೇಳಿದರೆ ಅವಸರದಲ್ಲಿ ಎ ಒತ್ತಬೇಡಿ. ಅದೇ ಫ್ಲಾಪಿ ವಾಪಸ್ ಹಾಕಿ, ಲಿವರ್ ಇಳಿಸಿ, ಆರ್ ಒತ್ತಿ. ಹೆಚ್ಚು ಸಲ ಮುಂದುವರಿಯುತ್ತದೆ.

ಬೇರೆ ಬಗೆಯ ಕಂಪ್ಯೂಟರ್‌ಗಳು

1984ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಿಗಾಗಿ ಕ್ಲಾಸ್ ಎಂಬ ಯೋಜನೆ ಶುರು ಮಾಡಿತು. ಬಿಬಿಸಿ ಮೈಕ್ರೋ ನಮ್ಮ ಶಾಲೆಗಳಿಗೆ ಬಂದದ್ದು ಹಾಗೆ. ಅದರ ಬೇಸಿಕ್‌ನಲ್ಲಿ ಕ್ಲೋಸ್, ಹ್ಯಾಶ್, ಸೊನ್ನೆ ಎಂದು ಕೊಟ್ಟರೆ ತೆರೆದಿರುವ ಎಲ್ಲ ಫೈಲ್‌ಗಳೂ ಒಮ್ಮೆಗೇ ಮುಚ್ಚುತ್ತವೆ. ಆಮೇಲೆ ಲೈಟ್, ಫ್ಲಾಪಿ, ಸ್ವಿಚ್. ಕ್ರಮ ಅದೇ.

ಡಾಸ್‌ಗಿಂತ ಮೊದಲಿನ ಸಿಪಿಎಂ ಎಂಬ ಮೂಲ ತಂತ್ರಾಂಶ ಇರುವ ಇನ್ನೂ ಹಳೆಯ ಕಂಪ್ಯೂಟರ್ ಸಿಕ್ಕರೆ, ಫ್ಲಾಪಿ ಬದಲಿಸಿದಾಗಲೆಲ್ಲ ಕಂಟ್ರೋಲ್ ಸಿ ಒತ್ತಬೇಕು. ಮ್ಯಾಕಿಂಟಾಷ್‌ನಲ್ಲಿ ಫ್ಲಾಪಿಗೆ ಗುಂಡಿಯೇ ಇಲ್ಲ. ಸ್ಪೆಷಲ್ ಮೆನುವಿನಲ್ಲಿ ಶಟ್ ಡೌನ್ ಕೊಟ್ಟರೆ ಅದೇ ಫ್ಲಾಪಿಯನ್ನು ಹೊರಗೆ ಉಗುಳುತ್ತದೆ. ಸಿಕ್ಕಿಕೊಂಡರೆ ಆಫ್ ಮಾಡಿದ ಮೇಲೆ ಪಕ್ಕದ ಸಣ್ಣ ತೂತಿಗೆ ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ ಒತ್ತಿ.

ಫ್ಲಾಪಿಯ ಜೊತೆ ಹಾರ್ಡ್ ಡಿಸ್ಕ್ ಕೂಡ ಇರುವ, 386 ಚಿಪ್‌ನ ಪಿಸಿ ಆದರೆ ಒಂದು ಹಂತ ಹೆಚ್ಚು. ವಿಂಡೋಸ್ 3.1 ಓಡುತ್ತಿದ್ದರೆ ಮೊದಲು ಅದರಿಂದ ಡಾಸ್‌ಗೆ ಬನ್ನಿ. ಎಂಎಸ್ ಡಾಸ್ 6ರ ಸ್ಮಾರ್ಟ್‌ಡ್ರೈವ್ ಹಾರ್ಡ್ ಡಿಸ್ಕಿಗೆ ಹೋಗಬೇಕಾದದ್ದನ್ನು ಸ್ವಲ್ಪ ಹೊತ್ತು ಮೆಮೊರಿಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಸ್ಮಾರ್ಟ್‌ಡ್ರೈವ್ ಆದೇಶಕ್ಕೆ ಸ್ಲ್ಯಾಶ್ ಸಿ ಸೇರಿಸಿ ಕೊಟ್ಟರೆ ಎಲ್ಲವನ್ನೂ ಬರೆದು ಮುಗಿಸುತ್ತದೆ. 20 ಎಂಬಿಯ ಆ ಹಳೆಯ ಡಿಸ್ಕ್‌ಗಳು ತಾವಾಗಿ ಹೆಡ್ ಪಕ್ಕಕ್ಕಿಡುವುದಿಲ್ಲ, ಜಾಗ ಬದಲಿಸುವ ಮೊದಲು ಪಾರ್ಕ್ ಪ್ರೋಗ್ರಾಂ ಓಡಿಸಿ. ಫ್ಲಾಪಿ ಡ್ರೈವ್ ಬದಲು ಪೆನ್‌ಡ್ರೈವ್ ಹಾಕುವ ಗೋಟೆಕ್ ಕೂರಿಸಿಕೊಂಡವರಿಗೂ ಇದೇ ಕ್ರಮ. ಲೈಟ್ ಉರಿಯುವಾಗ ಪೆನ್‌ಡ್ರೈವ್ ಕೀಳಬೇಡಿ.

ತಿಂಗಳುಗಟ್ಟಲೆ ಮುಚ್ಚಿಡುವುದಾದರೆ

ಫ್ಲಾಪಿಗಳನ್ನು ಡಬ್ಬದಲ್ಲಿ ನೆಟ್ಟಗೆ ನಿಲ್ಲಿಸಿ, ಒತ್ತಾಗಿ ತುರುಕಬೇಡಿ. ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇರಲಿ. ಮಳೆಗಾಲದಲ್ಲಿ ಬಿಳಿ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಒಂದು ಫ್ಲಾಪಿ ಹಾಕಿದರೆ ಹೆಡ್ ಕೊಳೆಯಾಗಿ ಮುಂದೆ ಹಾಕಿದ್ದನ್ನೆಲ್ಲ ಗೀರುತ್ತದೆ. ಕಿಂಡಿಯನ್ನು ಬೆಳಕಿಗೆ ಹಿಡಿದು ನೋಡಿಯೇ ಹಾಕಿ.

ಐದೂಕಾಲು ಇಂಚಿನ ಡ್ರೈವ್ ಜೊತೆ ಬರುತ್ತಿದ್ದ ರಟ್ಟು ಉಳಿದಿದ್ದರೆ ಅದನ್ನು ಒಳಗೆ ಹಾಕಿ ಲಿವರ್ ಇಳಿಸಿ. ಸಾಗಿಸುವಾಗ ಎರಡು ಹೆಡ್‌ಗಳು ಒಂದಕ್ಕೊಂದು ಬಡಿಯುವುದಿಲ್ಲ. ರಟ್ಟು ಇಲ್ಲದಿದ್ದರೆ ಕೆಲಸಕ್ಕೆ ಬಾರದ ಒಂದು ಫ್ಲಾಪಿ ಆದೀತು.

286, 386 ಬೋರ್ಡ್‌ಗಳಲ್ಲಿ ಹೆಬ್ಬೆರಳು ಗಾತ್ರದ 3.6 ವೋಲ್ಟ್ ಬ್ಯಾಟರಿಯನ್ನು ಬೆಸುಗೆ ಹಾಕಿರುತ್ತಾರೆ. ಅದು ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಮುಚ್ಚಿಡುವ ಮೊದಲು ಬೆಸುಗೆ ಬಿಡಿಸಿ ತೆಗೆಸಿಬಿಡಿ. ತೆಗೆದರೆ ಸೆಟಪ್ ಅಳಿಸಿಹೋಗುತ್ತದೆ. ಹಾಗಾಗಿ ಡ್ರೈವ್‌ಗಳ ಬಗೆ, ಹಾರ್ಡ್ ಡಿಸ್ಕಿನ ಟೈಪ್ ನಂಬರ್ ಮೊದಲೇ ಬರೆದಿಡಿ. ನನಗೆ ಗೊತ್ತಿರುವ 386ಗಳಿಗೆಲ್ಲ ಆ ಚೀಟಿಯನ್ನು ಕ್ಯಾಬಿನೆಟ್ಟಿನ ಒಳಬದಿಗೆ ಅಂಟಿಸಿದ್ದೇನೆ. ಇನ್ಯಾರೋ ಮುಚ್ಚಳ ತೆಗೆದರೂ ಮೊದಲು ಕಾಣುವುದು ಅದೇ.